ಕುಂಕುಮ ಹಚ್ಚಿದ ಡಿಸ್ಕು

ಆ ಡಿಸ್ಕು ನನ್ನ ಕೈಗೆ ಬಂದಾಗ ಕೆಂಪು ಕುಬಸದ ಖಣದಲ್ಲಿ ಸುತ್ತಿಕೊಂಡಿತ್ತು. ಖಣ ಬಿಚ್ಚಿದೆ. ಡಿಸ್ಕಿನ ಹೊಳೆಯುವ ಬದಿಗೆ ಮೂರು ಬೆರಳಿನಲ್ಲಿ ಎಳೆದ ವಿಭೂತಿ, ನಡುವಿನ ತೂತಿನ ಸುತ್ತ ಕುಂಕುಮ, ಅದರ ಮೇಲೆ ಒಣಗಿ ಗಟ್ಟಿಯಾದ ಎಣ್ಣೆ, ಎಣ್ಣೆಗೆ ಅಂಟಿದ ನಾಲ್ಕಾರು ಅಕ್ಷತೆ ಕಾಳು.

"ಎರಡು ವರ್ಷದಿಂದ ದೇವರ ಜಗಲಿ ಮ್ಯಾಲ ಇಟ್ಟೇನ್ರಿ. ಮನ್ಯಾಗ ಹುಡುಗರಿಗೂ ಮುಟ್ಟಾಕ ಕೊಟ್ಟಿಲ್ಲ," ಎಂದರು ಕಾರ್ಖಾನೆಯ ಮಾಲಕರು. ಹೇಳುವಾಗ ಅವರ ಮುಖದಲ್ಲಿ ಸಮಾಧಾನ ಇತ್ತು. ಏನೇ ಹೋದರೂ ಈ ಡಿಸ್ಕಿನಿಂದ ಎಲ್ಲ ವಾಪಸ್ ಬರುತ್ತದೆ ಎಂಬ ಸಮಾಧಾನ. ಆ ಸಮಾಧಾನವನ್ನು ಅವರಿಗೆ ಕೊಟ್ಟವನು ನಾನೇ.

ಧಾರವಾಡದ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಅವರದೊಂದು ಶೆಡ್ಡು. ಪಂಪಿನ ಬಿಡಿಭಾಗ ಮಾಡುತ್ತಿದ್ದರು. ನಾಲ್ಕು ಲೇಥು, ಎರಡು ಡ್ರಿಲ್ಲಿಂಗ್ ಯಂತ್ರ, ಮೂಲೆಯಲ್ಲಿ ಗಾಜಿನ ಕೋಣೆ, ಕೋಣೆಯಲ್ಲಿ ಒಂದು ಕಂಪ್ಯೂಟರು. ಅದರ ಮುಂದೆ ಕೂತು ಬಿಡಿಭಾಗಗಳ ನಕ್ಷೆ ತೆಗೆಯುವವರು ಒಬ್ಬ ಹೆಣ್ಣುಮಗಳು. ಮಿಷನ್ ಸಾಲಿಯಲ್ಲಿ ಕಲಿತು, ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ ಬಂದವರು. ಎಲ್ಲರೂ ಅವರಿಗೆ ಬಾಯಾರು ಅನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಮಾಲಕರ ಕೈಕೆಳಗಿನವನೊಬ್ಬ ನಕ್ಷೆಗಳನ್ನು ಕದ್ದು ಒಯ್ದು ಬೇರೆ ಕಡೆ ಶೆಡ್ಡು ಹಾಕಿದ. ಅಂದಿನಿಂದ ಮಾಲಕರಿಗೆ ಕಾಗದ ಕಂಡರೂ ಸಂಶಯ. ಕೆಲಸ ಮುಗಿದ ನಕ್ಷೆಯ ಹಾಳೆಯನ್ನು ಸಂಜೆ ತಾವೇ ಎಣಿಸಿ ತೆಗೆದುಕೊಂಡು ಹರಿದು ಒಲೆಗೆ ಹಾಕುತ್ತಿದ್ದರು. ಕಂಪ್ಯೂಟರು ರಿಪೇರಿ ಮಾಡುವ ನನ್ನನ್ನು ಕರೆಸಿ, "ಇದರಾಗಿಂದ ಏನೂ ಹೊರಗ ಹೋಗಬಾರದು ನೋಡ್ರಿ," ಎಂದರು. ನಕಲು ಹೊರಗೆ ಒಯ್ಯಲಿಕ್ಕೆ ಇದ್ದ ಒಂದೇ ದಾರಿ ಫ್ಲಾಪಿ ಡ್ರೈವು. ನಾನು ಅದನ್ನು ಬಿಚ್ಚಿ ತೆಗೆದು, ಬಾಯಿಗೆ ಪ್ಲಾಸ್ಟಿಕ್ ಪಟ್ಟಿ ಕೂಡಿಸಿ, ಮೊದಲೇ ಅಲ್ಲಿ ಏನೂ ಇರಲಿಲ್ಲ ಅನ್ನುವ ಹಾಗೆ ಮಾಡಿ ಕೊಟ್ಟೆ. ಕೈಕೆಲಸದಲ್ಲಿ ನನ್ನ ತಪ್ಪು ಹುಡುಕುವವರು ಹುಬ್ಬಳ್ಳಿ-ಧಾರವಾಡದಲ್ಲಿ ಆಗ ಕಡಿಮೆ.

ಬಾಯಾರು ಆ ದಿನವೇ ಕೇಳಿದ್ದರು: "ಹಂಗಾದ್ರ ಕಾಪಿ ಎಲ್ಲಿ ಇಟ್ಕೊಳ್ಳೂದ್ರಿ? ನಾಳೆ ಯಂತ್ರ ಕೆಟ್ರ?"

ಕಂಪ್ಯೂಟರಿನ ಜೊತೆ ಕಂಪನಿಯವರು ಕೊಟ್ಟಿದ್ದ ರಿಕವರಿ ಡಿಸ್ಕನ್ನು ಡಬ್ಬಿಯಿಂದ ತೆಗೆದು ತೋರಿಸಿ ನಾನು, "ಇದು ಐತಲ್ರೀ. ಏನ ಕೆಟ್ರೂ ಇದನ್ನ ಹಾಕಿದ್ರ ಎಲ್ಲಾ ಇದ್ದಂಗ ವಾಪಸ್ ಬರತೈತಿ," ಎಂದಿದ್ದೆ. ಮಾಲಕರು ಡಿಸ್ಕನ್ನು ಎರಡೂ ಕೈಯಿಂದ ತೆಗೆದುಕೊಂಡು ಮನೆಗೆ ಒಯ್ದರು. ಖಂಡೇನವಮಿ ಬಂದಾಗ ಶೆಡ್ಡಿಗೆ ತಂದು, ಲೇಥಿನ ಟೂಲು, ಮೈಕ್ರೋಮೀಟರು, ಸುತ್ತಿಗೆಗಳ ಜೊತೆ ಸಾಲಾಗಿ ಇಟ್ಟು ಪೂಜೆ ಮಾಡಿ ಮತ್ತೆ ಜಗಲಿಗೆ ಏರಿಸುತ್ತಿದ್ದರು. ಹೊಳೆಯುವ ಬದಿ ಕನ್ನಡಿಯಂತೆ ಕಂಡದ್ದರಿಂದ ಅದೇ ಮುಖ ಎಂದು ತಿಳಿದು ಅದಕ್ಕೇ ಕುಂಕುಮ ಹಚ್ಚಿದ್ದರು.

ಈ ಸಲದ ಖಂಡೇನವಮಿಯ ದಿನವೇ ಕಂಪ್ಯೂಟರು ಕೆಟ್ಟದ್ದು. ಪೂಜೆಗೆ ಮೊದಲು ಎಲ್ಲ ಯಂತ್ರ ತೊಳೆಯುವ ರೂಢಿ. ಬಾಯಾರು ನಕ್ಷೆ ತೆರೆದಿಟ್ಟು ಕೆಲಸದಲ್ಲಿದ್ದಾಗ ಕರೆಂಟು ಹೋಯಿತು. ಕರೆಂಟು ಹೋದರೂ ಕಂಪ್ಯೂಟರನ್ನು ನಡೆಸುವ ಬ್ಯಾಟರಿ ಡಬ್ಬಿ ಸತ್ತು ಆರು ತಿಂಗಳಾಗಿತ್ತು. ಹೋದ ಕರೆಂಟು ಬರುವ ಹೊತ್ತಿಗೆ ಮಾನಿಟರಿಗೆ ವಿಭೂತಿ ಬಿದ್ದಿತ್ತು, ಪೂಜೆಗೆ ಇಟ್ಟದ್ದನ್ನು ದಸರೆ ಮುಗಿಯುವ ತನಕ ಮುಟ್ಟುವಂತಿಲ್ಲ. ಬನ್ನಿ ಕೊಟ್ಟು ತಗೊಂಡದ್ದಾದ ಮೇಲೆ, ಕೆಲಸ ಶುರುವಾದ ಬೆಳಿಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು.

ಆ ಸಾಲು ನನ್ನ ವಹಿಯಲ್ಲಿ ಇತ್ತು. ಏಳನೆಯ ಇಯತ್ತೆ, ಅಂದರೆ ಏಳನೆಯ ತರಗತಿಗೆ, ಸಾಲಿ ಬಿಟ್ಟವನು ನಾನು. ಇಂಗ್ಲಿಷ್ ಅಕ್ಷರ ಗೊತ್ತು, ವಾಕ್ಯ ಗೊತ್ತಿಲ್ಲ. ಅದಕ್ಕೇ ಒಂದು ಉದ್ದನೆಯ ವಹಿ ಇಟ್ಟಿದ್ದೆ. ಪರದೆಯ ಮೇಲೆ ಬರುವ ಮಾತನ್ನು ಎಡಕ್ಕೆ ಅದೇ ಅಕ್ಷರದಲ್ಲಿ ಇದ್ದ ಹಾಗೆ ಇಳಿಸಿಕೊಳ್ಳುವುದು, ಬಲಕ್ಕೆ ಅದರ ಮದ್ದನ್ನು ಕನ್ನಡದಲ್ಲಿ ಬರೆಯುವುದು. ವಹಿಯನ್ನು ಗಿರಾಕಿಗಳ ಮುಂದೆ ಬಿಚ್ಚುತ್ತಿರಲಿಲ್ಲ. ಸಂಡಾಸಿಗೆ ಹೋಗುತ್ತೇನೆ ಎಂದು ಹೇಳಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಕೆಲವರು ನನಗೆ ಇಂಜಿನಿಯರ್ ಸಾಹೇಬ್ರ ಅನ್ನುತ್ತಿದ್ದರು. ನಾನು ತಿದ್ದಿರಲಿಲ್ಲ.

ಆ ಸಾಲಿನ ಮುಂದೆ ಬಲಕ್ಕೆ ಬರೆದದ್ದು ಇಷ್ಟೇ: ಹಾರ್ಡ್ ಡಿಸ್ಕಿನೊಳಗಿನ ವಿಂಡೋಸ್ ಸಿಗುತ್ತಿಲ್ಲ, ರಿಕವರಿ ಡಿಸ್ಕು ಹಾಕು.

"ತಾಸಿನ ಕೆಲಸ್ರಿ," ಎಂದು ಮಾಲಕರಿಗೆ ಹೇಳಿದೆ.

"ಆಗಲೇಬೇಕ್ರಿ ಮಿಸ್ತ್ರಿ. ನಾಡಿದ್ದು ಮುಂಜಾನೆ ಪಂಪಿನ ಕಂಪನಿ ಇನ್ಸ್‌ಪೆಕ್ಟರು ಬರತಾರ. ನಲವತ್ತಮೂರು ನಕ್ಷೆ. ಒಂದೊಂದು ಸ್ಯಾಂಪಲ್ಲು, ಅದರ ನಕ್ಷೆ, ಎರಡೂ ಕೂಡಿಸಿ ನೋಡತಾರ. ಏಳು ತಿಂಗಳ ಕೆಲಸ ಅದು." ಆಮೇಲೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಗಳ ಕಡೆ ತಿರುಗಿದರು. "ಯಂತ್ರ ಬಂದ್ ಮಾಡದ ಪ್ರಸಾದಕ್ಕ ಎದ್ದು ಬಂದ್ರ ಹಿಂಗ ಆಗತೈತಿ. ನಾಡಿದ್ದು ಹಾಳಿ ಮ್ಯಾಲ ನಕ್ಷಾ ಬರಲಿಲ್ಲ ಅಂದ್ರ, ಬಾಯಾರ, ನೀವೂ ಮುಂದಿನ ದಾರಿ ನೋಡ್ಕೋರಿ."

"ನಾನು ಏಳೂಕಿಂತ ಮೊದಲ ಕರೆಂಟ್ ಹೋತ್ರಿ," ಎಂದರು ಬಾಯಾರು. ಎರಡನೆಯ ಸಲ ಹೇಳಲಿಲ್ಲ.

ಹೊರಗೆ ಹಿರಿಯ ಟರ್ನರು ಲೇಥಿಗೆ ಎಣ್ಣೆ ಬಿಡುತ್ತ ನಿಂತಿದ್ದರು. ಅಮ್ಮಿನಬಾವಿ ಊರಿನವರು, ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬರು. ಎಲ್ಲರಿಗೂ ಅವರು ಕಾಕಾ. ಅವರು ತಲೆ ಎತ್ತಿ ನೋಡಿ ಮತ್ತೆ ಎಣ್ಣೆಡಬ್ಬಿಗೆ ಬಗ್ಗಿದರು.

ಮೊದಲ ಅಡ್ಡಿ ಪಾಸ್‌ವರ್ಡು. ಫ್ಲಾಪಿ ಇಲ್ಲದ ಯಂತ್ರ ಚಾಲೂ ಆದಕೂಡಲೇ ನೇರವಾಗಿ ಹಾರ್ಡ್ ಡಿಸ್ಕನ್ನು ಹುಡುಕುತ್ತಿತ್ತು. ಮೊದಲು ಸಿಡಿ ನೋಡು ಎಂದು ಹೇಳಬೇಕಾದರೆ ಒಳಗಿನ ಸೆಟ್ಟಿಂಗಿಗೆ ಹೋಗಬೇಕು, ಅಲ್ಲಿ ಹೋದರೆ ಪಾಸ್‌ವರ್ಡು ಕೇಳಿತು. ಹಾಕಿದವನು ಮಾರಿದ ವ್ಯಾಪಾರಿ, ಅವನು ಅಂಗಡಿ ಮುಚ್ಚಿ ಹೋಗಿದ್ದ. ಫ್ಲಾಪಿ ಇದ್ದಿದ್ದರೆ ಈ ಬಾಗಿಲು ಬಡಿಯುವ ಪ್ರಸಂಗವೇ ಬರುತ್ತಿರಲಿಲ್ಲ. ಯಂತ್ರ ತಾನಾಗಿ ಮೊದಲು ಫ್ಲಾಪಿ ನೋಡುತ್ತಿತ್ತು, ನನ್ನ ಚೀಲದಲ್ಲಿ ಯಂತ್ರ ಎಬ್ಬಿಸುವ ಬೂಟ್ ಫ್ಲಾಪಿ ಯಾವಾಗಲೂ ಇರುತ್ತಿತ್ತು. ನಾನೇ ಕೂಡಿಸಿದ ಪ್ಲಾಸ್ಟಿಕ್ ಪಟ್ಟಿಯನ್ನು ನೋಡುತ್ತ ಕವಚದ ಸ್ಕ್ರೂ ಬಿಚ್ಚಿದೆ.

ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ ಒಂದು ಸೆಲ್ಲು ಇರುತ್ತದೆ. ಕರೆಂಟು ಇಲ್ಲದಾಗ ಸೆಟ್ಟಿಂಗು, ಪಾಸ್‌ವರ್ಡು, ತಾರೀಖು ಎಲ್ಲ ಅದರ ಬಲದ ಮೇಲೆ ಉಳಿದಿರುತ್ತವೆ. ಸೆಲ್ಲು ತೆಗೆದು, ಪಕ್ಕದ ಸಣ್ಣ ಟೊಪ್ಪಿಗೆಯಂಥ ಜಂಪರನ್ನು ಒಂದು ಮನೆ ಸರಿಸಿ ಕೂತೆ. ಕಾಕಾ ಚಹಾ ತಂದುಕೊಟ್ಟು ಬಗ್ಗಿ ನೋಡಿದರು.

"ಸೆಲ್ ತಗದ್ರ ಏನಾಕ್ಕೈತಿ ತಮ್ಮಾ?"

"ಹಿಂದಿಂದೆಲ್ಲಾ ಮರೀತೈತ್ರಿ ಕಾಕಾ."

"ಅಡ್ಡಿಯಿಲ್ಲ. ನಮ್ಮ ಸಾಹೇಬ್ರಿಗೂ ಅಂಥಾದ್ದೊಂದು ಸೆಲ್ ಇದ್ರ ನೋಡು ಒಮ್ಮೆ," ಎಂದು ಗಾಜಿನ ಆಚೆ ಮಾಲಕರ ಕಡೆ ಕಣ್ಣು ಮಾಡಿದರು.

ಸೆಲ್ಲು ಮತ್ತೆ ಹಾಕಿದ ಮೇಲೆ ಪಾಸ್‌ವರ್ಡು ಹೋಗಿತ್ತು. ತಾರೀಖೂ ಹೋಗಿತ್ತು. ತಾರೀಖು ಸರಿಮಾಡಿ, ಮೊದಲು ಸಿಡಿ, ಆಮೇಲೆ ಹಾರ್ಡ್ ಡಿಸ್ಕು ಎಂದು ಬದಲಿಸಿ ಹೊರಬಂದೆ.

ಇನ್ನು ಡಿಸ್ಕು. ಕಾಕಾ ಥಿನ್ನರಿನ ಬಾಟಲಿ ಹಿಡಿದು ಬಂದರು. "ಎಂಥಾ ಜಿಡ್ಡು ಇದ್ರೂ ಎಳ್ಕೊಂಡು ಬರತೈತಿ."

"ಜಿಡ್ಡಿನ ಜೋಡಿ ಡಿಸ್ಕೂ ಬರತೈತ್ರಿ," ಎಂದು ಬಾಟಲಿಯನ್ನು ದೂರ ಇಟ್ಟೆ. ಥಿನ್ನರು ಆ ಪ್ಲಾಸ್ಟಿಕ್ಕನ್ನು ಹಾಲಿನಂತೆ ಬೆಳ್ಳಗೆ ಮಾಡಿಬಿಡುತ್ತದೆ. ಕೈ ತೊಳೆಯುವ ಸಾಬೂನಿನ ನೊರೆ ಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ಡಿಸ್ಕನ್ನು ನೆನೆಯಿಟ್ಟೆ. ಉಜ್ಜಲಿಲ್ಲ. ಅಕ್ಕಿಕಾಳು ತಾವಾಗಿ ಬಿಡುವ ತನಕ ಕಾಯ್ದು, ಆಮೇಲೆ ಮೆತ್ತನ್ನ ಅರಿವೆಯಿಂದ ನಡುವಿನಿಂದ ಅಂಚಿನ ಕಡೆ ನೆಟ್ಟಗೆ ಒರೆಸಿದೆ. ಸುತ್ತ ತಿರುಗಿಸಿ ಒರೆಸಬಾರದು. ಸುತ್ತ ಗೀರು ಬಿದ್ದರೆ ಓದುವ ಬೆಳಕು ಆ ಗೀರಿನ ಉದ್ದಕ್ಕೂ ಹೋಗಿ ದಾರಿ ತಪ್ಪುತ್ತದೆ. ಅಡ್ಡ ಗೀರನ್ನಾದರೆ ದಾಟಿಕೊಂಡು ಹೋಗುತ್ತದೆ. ನೀರು ಕೆಂಪಾಯಿತು. ಮಾಲಕರು ಅದನ್ನು ಮೋರಿಗೆ ಚೆಲ್ಲಗೊಡಲಿಲ್ಲ, ಗೇಟಿನ ಹತ್ತಿರದ ತುಳಸಿಗೆ ಹಾಕಿಸಿದರು.

ಡಿಸ್ಕು ಹಾಕಿದೆ. ಡ್ರೈವಿನ ದೀಪ ಮಿನುಗಿತು, ಡಿಸ್ಕು ಗರಗರ ತಿರುಗಿ ನಿಂತಿತು. ಮತ್ತೆ ಅದೇ ಕಪ್ಪು ಪರದೆ, ಅದೇ ಸಾಲು. ಮೂರು ಸಲ ಹಾಗೆಯೇ ಆಯಿತು.

ಡಿಸ್ಕಿನ ತಪ್ಪೋ ಡ್ರೈವಿನ ತಪ್ಪೋ ಗೊತ್ತಾಗಬೇಕು. ಚೀಲದಲ್ಲಿದ್ದ ಒಂದು ಒಳ್ಳೆಯ ಸಿಡಿ ಹಾಕಿದೆ. ಅದನ್ನೂ ಓದಲಿಲ್ಲ. ಡ್ರೈವು ಬಿಚ್ಚಿ ಮುಚ್ಚಳ ತೆಗೆದೆ. ಓದುವ ಕಣ್ಣಿನ ಎರಡು ಬದಿಗೆ ಸಣ್ಣ ಅಯಸ್ಕಾಂತಗಳಿರುತ್ತವೆ, ಕಣ್ಣನ್ನು ಮೇಲೆ ಕೆಳಗೆ ಆಡಿಸಲಿಕ್ಕೆ. ಶೆಡ್ಡಿನಲ್ಲಿ ಹಗಲೆಲ್ಲ ಹಾರುವ ಬೀಡುಕಬ್ಬಿಣದ ಪುಡಿ ಮೂರು ವರ್ಷ ಒಳಗೆ ಹೊಕ್ಕು ಆ ಅಯಸ್ಕಾಂತಗಳಿಗೆ ಕಂಬಳಿಹುಳದ ಕೂದಲಿನಂತೆ ನಿಂತಿತ್ತು. ಊದಿದರೆ ಹೋಗುವಂಥದ್ದಲ್ಲ. ಅಂಟಿನ ಪಟ್ಟಿಯನ್ನು ಕಡ್ಡಿಗೆ ತಿರುವಿ ಸುತ್ತಿ, ಒಂದೊಂದೇ ಎಳೆಯನ್ನು ತಾಗಿಸಿ ತೆಗೆದೆ. ಕಣ್ಣನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದೆ. ಅಷ್ಟಕ್ಕೇ ಒಂದೂವರೆ ತಾಸು ಹೋಯಿತು. ನಾನು ಹೇಳಿದ್ದ ತಾಸು ಎಂದೋ ಮುಗಿದಿತ್ತು. ಮಾಲಕರು ಎರಡು ಸಲ ಬಾಗಿಲಿಗೆ ಬಂದು ಗಡಿಯಾರ ನೋಡಿಕೊಂಡು ಹೋದರು.

ಈ ಸಲ ನನ್ನ ಸಿಡಿ ಓದಿತು. ರಿಕವರಿ ಡಿಸ್ಕು ಹಾಕಿದರೆ ಕಂಪನಿಯ ಹೆಸರು ಬಂತು, ಕೆಳಗೆ ಒಂದು ಪಟ್ಟಿ ತುಂಬುತ್ತ ಹೊರಟಿತು, ಮೂರನೆಯ ಒಂದು ಭಾಗಕ್ಕೆ ನಿಂತುಬಿಟ್ಟಿತು. ಡಿಸ್ಕು ತೆಗೆದು ಬಿಸಿಲಿಗೆ ಹಿಡಿದೆ. ಅಕ್ಷತೆ ಎಳೆದ ಒಂದು ಗೀರು, ಬೆರಳಗಲದಷ್ಟು ಉದ್ದ, ಸುತ್ತಿನ ಗುಂಟ.

"ಬಾಯಾರ, ಯಾರ ಹತ್ರಾನರ ಬಿಳಿ ಟೂತ್‌ಪೇಸ್ಟ್ ಐತೇನ್ರಿ? ಬಣ್ಣದ್ದು ಬ್ಯಾಡ."

ಅವರು ಕಾವಲುಗಾರನ ಕೋಣೆಯಿಂದ ತಂದುಕೊಟ್ಟರು. ಗೀರಿನ ಮೇಲೆ ಬಟಾಣಿಯಷ್ಟು ಪೇಸ್ಟು ಹಾಕಿ, ಮತ್ತೆ ನಡುವಿನಿಂದ ಅಂಚಿಗೆ ನೂರು ಸಲ ತಿಕ್ಕಿದೆ. ಪೇಸ್ಟಿನಲ್ಲಿ ಸಣ್ಣ ಸಾಣೆ ಇರುತ್ತದೆ. ಗೀರಿನ ಅಂಚನ್ನು ಅದು ಸವೆಸುತ್ತದೆ. ಕಾಕಾ ನೋಡುತ್ತ ನಿಂತು, "ಇದು ಬಫಿಂಗ ಅಲ್ಲೇನು. ನಮ್ಮ ಕೆಲಸಾನ ಮಾಡಾಕತ್ತೀ ನೀನೂ," ಎಂದರು. ಅವರು ನನ್ನ ಕೆಲಸವನ್ನು ಕೆಲಸ ಎಂದು ಒಪ್ಪಿದ್ದು ಅದೇ ಮೊದಲು.

ಮಧ್ಯಾಹ್ನ ಮೂರರ ಸುಮಾರಿಗೆ ಪಟ್ಟಿ ಪೂರ್ತಿ ತುಂಬಿತು. ನೀಲಿ ಪರದೆ ಬಂತು, ಅದರ ಮೇಲೆ ನಾಲ್ಕು ಸಾಲು ಬಿಳಿ ಅಕ್ಷರ. ಮಾಲಕರು ಕೈಮುಗಿದರು. "ಅಂತೂ ಬಂತು ನೋಡ್ರಿ. ಜಗಲಿ ಮ್ಯಾಲ ಇದ್ದದ್ದು ಕೈ ಬಿಡತೈತೇನು?"

ಈ ಪರದೆಯೂ ನನ್ನ ವಹಿಯಲ್ಲಿತ್ತು. ಬಲಕ್ಕೆ: ವೈ ಒತ್ತಿ ಎಂಟರ್ ಒತ್ತು. ಹತ್ತಾರು ಮನೆಗಳಲ್ಲಿ ಒತ್ತಿದ್ದೆ. ಬೆರಳು ಇಟ್ಟೆ.

"ಒಂಚೂರು ತಡೀರಿ," ಎಂದರು ಬಾಯಾರು. ನನ್ನ ಹೆಗಲ ಹಿಂದೆ ಬಗ್ಗಿ ಓದುತ್ತಿದ್ದರು. "ಹಾರ್ಡ್ ಡಿಸ್ಕಿನ ಮ್ಯಾಲಿಂದು ಪೂರಾ ಅಳಿಸಿ ಹೋಗತೈತಿ, ಮತ್ತ ಸಿಗೂದಿಲ್ಲ, ಒಪ್ಪಿಗಿ ಐತೇನು ಅಂತ ಕೇಳಾಕತ್ತೈತ್ರಿ ಇದು."

"ಅದು ಎಲ್ಲಾ ಕಡೆ ಬರತೈತ್ರಿ. ಸುಮ್ಮನ ಹೆದರಸಾಕ ಬರದಿರತಾರ."

"ನೀವು ಒತ್ತಿದ ಮನ್ಯಾಗೆಲ್ಲಾ, ಒತ್ತಿದ ಮ್ಯಾಲ ಅವರು ಇಟ್ಟಿದ್ದು ಇತ್ತೇನ್ರಿ?"

ಬಹಳಷ್ಟು ಮನೆಗಳಲ್ಲಿ ಇದ್ದದ್ದು ಹುಡುಗರ ಆಟ, ಅವನ್ನು ಮತ್ತೆ ಹಾಕಿಕೊಡುತ್ತಿದ್ದೆ. ಆದರೆ ವಿದ್ಯಾನಗರದ ಒಂದು ಮನೆ ನೆನಪಾಯಿತು. ನಿವೃತ್ತ ಮಾಸ್ತರರೊಬ್ಬರು ತಮ್ಮ ಮನೆತನದ ಸಂಗತಿಯನ್ನೆಲ್ಲ ಒಂದೇ ಬೆರಳಿನಲ್ಲಿ ಟೈಪು ಮಾಡಿ ಇಟ್ಟಿದ್ದರು. ನಾನು ಯಂತ್ರ ದುರಸ್ತಿ ಮಾಡಿ ಕೊಟ್ಟ ಮೇಲೆ ಅದು ಕಾಣಲಿಲ್ಲ. ವೈರಸ್ ತಿಂದಿದೆ ಸರ್ ಎಂದು ಹೇಳಿದ್ದೆ. ಸುಳ್ಳು ಎಂದು ತಿಳಿದು ಹೇಳಿದ್ದಲ್ಲ. ನನಗೆ ಗೊತ್ತಿಲ್ಲ ಎನ್ನುವ ಬದಲು ಹೇಳಿದ್ದು. ಈಗ ಆ ನಾಲ್ಕು ಬಿಳಿ ಸಾಲು ನೋಡುತ್ತ ಕೂತಾಗ ತಿಂದದ್ದು ಯಾರು ಎಂದು ತಿಳಿಯಿತು.

"ಇನ್ನೊಮ್ಮೆ ಓದ್ರಿ ಬಾಯಾರ. ಒಂದೊಂದ ಸಾಲು. ಕನ್ನಡದಾಗ ಹೇಳ್ರಿ."

ಅವರು ಓದಿದರು. ಡಿಸ್ಕಿನಲ್ಲಿ ಇರುವುದು ಯಂತ್ರ ಕಂಪನಿಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಮಾಡುವ ಸಾಮಾನು. ಆ ದಿನ ಇಲ್ಲದ್ದು ಯಾವುದೂ ಅದರಲ್ಲಿ ಇರಲಿಕ್ಕೆ ಸಾಧ್ಯವಿಲ್ಲ. ಇಷ್ಟು ಸರಳ ಮಾತು. ಮೂರು ವರ್ಷದ ಹಿಂದೆ ಕಂಪನಿ ತಯಾರಿಸಿದ ಡಿಸ್ಕಿನೊಳಗೆ ಏಳು ತಿಂಗಳ ಹಿಂದೆ ಶುರುವಾದ ನಕ್ಷೆ ಹೇಗೆ ಬಂದೀತು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಬೆರಳು ತೆಗೆದೆ. ಎಸ್ಕೇಪ್ ಕೂಡ ಒತ್ತಲಿಲ್ಲ, ಅದೇನು ಮಾಡುತ್ತದೋ ಎಂದು. ಹಿಂದೆ ಕೈ ಹಾಕಿ ವಾಯರನ್ನೇ ಕಿತ್ತೆ.

"ಯಾಕ್ರಿ?" ಎಂದರು ಮಾಲಕರು.

ನಿಂತುಕೊಂಡು ಹೇಳಿದೆ. "ಎರಡು ವರ್ಷದ ಹಿಂದ ನಾನು ಹೇಳಿದ್ದು ತಪ್ಪರಿ. ಈ ಡಿಸ್ಕಿನಾಗ ನಿಮ್ಮ ನಕ್ಷಾ ಒಂದೂ ಇಲ್ಲ. ಒತ್ತಿದ್ದರ ಯಂತ್ರ ಬರತಿತ್ತು, ನಕ್ಷಾ ಎಲ್ಲಾ ಹೋಗತಿದ್ದುವು. ನಂಗ ಇಂಗ್ಲಿಷ್ ಓದಾಕ ಬರೂದಿಲ್ಲ. ಬಾಯಾರು ಓದಿದ್ರು ಅಂತ ಉಳೀತು."

ಮಾಲಕರು ಮೇಜಿನ ಮೇಲಿದ್ದ ಕೆಂಪು ಖಣವನ್ನು ಕೈಗೆ ತೆಗೆದುಕೊಂಡರು.

"ಅಂದ್ರ, ಎರಡು ವರ್ಷ ನಾನು ಖಾಲಿ ತಾಟಿಗೆ ಪೂಜಿ ಮಾಡೇನೇನು?"

"ಪೂಜಿ ಮಾಡಿದ್ದು ಹಾಳಾಗೂದಿಲ್ಲ ಬಿಡ್ರಿ," ಎಂದರು ಬಾಗಿಲಲ್ಲಿದ್ದ ಕಾಕಾ. ಕೈಯಲ್ಲಿದ್ದ ಎಣ್ಣೆ ಅರಿವೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. "ಸಾಹೇಬ್ರ, ಇವರು ಹೇಳಿದ್ರು ಅಂದಮ್ಯಾಲ ನಾನೂ ಹೇಳತೇನಿ. ಅವತ್ತ ಮೇನ್ ಸ್ವಿಚ್ ಇಳಿಸಿದಾಂವ ನಾನು. ಯಂತ್ರಕ್ಕ ನೀರು ಹಾಕೂದಿತ್ತು, ಶಾಕ್ ಹೊಡದೀತು ಅಂತ ಇಳಿಸಿದೆ. ಗಾಜಿನ ಕೋಲಿ ಕಡೆ ನೋಡಲಿಲ್ಲ. ಬಾಯಾರದು ಏನೂ ತಪ್ಪಿಲ್ಲ."

"ಮೂರು ದಿನ ಬಾಯಾಗ ಏನ್ ಹಿಟ್ಟು ಇಟ್ಕೊಂಡಿದ್ದಿ?"

"ನೀವು ಬೈಯೂದು ಮುಗೀಲಿ ಅಂತ ಇದ್ದೆ. ಮುಗೀಲೇ ಇಲ್ಲ."

ಮಾಲಕರು ಬಾಯಾರ ಕಡೆ ನೋಡಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಮುಂದೆ ಕೂತರು. "ಈಗೇನು ಮಾಡೂದು? ಅದನ್ನ ಹೇಳ್ರಿ."

ನಕ್ಷೆಗಳು ಆ ಹಾರ್ಡ್ ಡಿಸ್ಕಿನ ಮೇಲೆ ಇನ್ನೂ ಇರಬಹುದು, ಏಳುವ ದಾರಿ ಮಾತ್ರ ಕೆಟ್ಟಿದೆ ಎಂದು ಹೇಳಿದೆ. ಇನ್ನೊಂದು ಹಾರ್ಡ್ ಡಿಸ್ಕಿನಿಂದ ಯಂತ್ರವನ್ನು ಎಬ್ಬಿಸಿ, ಇದನ್ನು ಅದರ ಜೋಡಿ ಎರಡನೆಯದಾಗಿ ಕಟ್ಟಿದರೆ ಒಳಗಿನದು ಕಾಣುತ್ತದೆ. "ಆದ್ರ ಡಿಸ್ಕು ಗೇಟ್ ದಾಟೂದಿಲ್ಲ," ಎಂದರು ಅವರು. ದಾಟಿಸಿದರೂ ಉಪಯೋಗವಿರಲಿಲ್ಲ. ಹುಬ್ಬಳ್ಳಿಯಲ್ಲಿ ನನ್ನ ಕೆಲಸದ ಮೇಜಿನ ಮೇಲಿದ್ದ ಯಂತ್ರ ಹಳೆಯದು, ಇಷ್ಟು ದೊಡ್ಡ ಡಿಸ್ಕನ್ನು ಅದು ಗುರುತಿಸುತ್ತಿರಲಿಲ್ಲ. ಹೊಸ ಡಿಸ್ಕು ಕೊಳ್ಳೋಣವೆಂದರೆ ಅಂಗಡಿಗಳು ಹಬ್ಬಕ್ಕೆ ಹಾಕಿದ ಬಾಗಿಲು ಇನ್ನೂ ತೆಗೆದಿರಲಿಲ್ಲ. ಉಳಿದದ್ದು ನನ್ನದೇ ಯಂತ್ರದ ಡಿಸ್ಕು.

ಬಸ್ಸು ಹಿಡಿದು ಹೋಗಿ ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಅದರಲ್ಲಿ ವಿಂಡೋಸ್ ಇತ್ತು, ಹಾಗೆಯೇ ಎದ್ದರೆ ಒಳ್ಳೆಯದು ಎಂದು ಇದ್ದಂತೆಯೇ ಹಚ್ಚಿದೆ. ಏಳಲಿಲ್ಲ. ಬೇರೆ ಬೋರ್ಡಿಗೆ ಹಾಕಿದ ವಿಂಡೋಸ್, ಎರಡು ಸಲ ನೀಲಿ ಪರದೆಗೆ ಬಂದು ಸತ್ತಿತು. ಅಷ್ಟರಲ್ಲಿ ಶೆಡ್ಡು ಮುಚ್ಚುವ ಹೊತ್ತು.

ಇನ್ನು ಇದ್ದದ್ದು ಒಂದೇ ದಾರಿ. ರಿಕವರಿ ಡಿಸ್ಕನ್ನು ನನ್ನ ಹಾರ್ಡ್ ಡಿಸ್ಕಿನ ಮೇಲೆ ಓಡಿಸುವುದು. ಅದರ ಮೇಲೆ ನನ್ನ ಎರಡು ವರ್ಷದ ಗಳಿಕೆ ಇತ್ತು. ಆ ಕಂಪನಿ ಈ ಕಂಪನಿಯ ಸೌಂಡು, ಡಿಸ್ಪ್ಲೇ, ಪ್ರಿಂಟರು, ಮೋಡೆಮ್ಮುಗಳನ್ನು ನಡೆಸುವ ಡ್ರೈವರ್ ಫೈಲುಗಳು. ಒಬ್ಬರ ಹತ್ತಿರ ಒಂದು, ಇನ್ನೊಬ್ಬರ ಹತ್ತಿರ ಇನ್ನೊಂದು, ಕೇಳಿ ಬೇಡಿ ಕೂಡಿಸಿದ್ದು. ಹುಬ್ಬಳ್ಳಿಯಲ್ಲಿ ಯಾರ ಹತ್ತಿರವೂ ಇಲ್ಲದ ಡ್ರೈವರು ನನ್ನ ಹತ್ತಿರ ಸಿಗುತ್ತದೆ ಎಂದೇ ಜನ ಬರುತ್ತಿದ್ದರು. ಮನೆಗೆ ಹೋಗುವ ಬಸ್ಸಿನಲ್ಲಿ ಇದನ್ನೇ ಯೋಚಿಸಿದೆ. ಬಾಯಾರ ಏಳು ತಿಂಗಳು ಇನ್ನೊಮ್ಮೆ ಬರುವುದಿಲ್ಲ. ಡ್ರೈವರುಗಳನ್ನು ಇನ್ನೊಮ್ಮೆ ಬೇಡಬಹುದು.

ಮರುದಿನ ಮುಂಜಾನೆ ಮೊದಲು ಅವರ ಹಳೆಯ ಡಿಸ್ಕನ್ನು ಪೂರ್ತಿ ಕಳಚಿ ಮೇಜಿನ ಆ ತುದಿಗೆ ಇಟ್ಟೆ. ರಿಕವರಿ ಡಿಸ್ಕಿನ ಕಣ್ಣಿಗೆ ಅದು ಬೀಳಲೇಬಾರದು. ನನ್ನದನ್ನು ಒಂದನ್ನೇ ಹಚ್ಚಿದೆ. ಗೀರು ಇನ್ನೂ ಒಮ್ಮೆ ಕಾಡಿತು, ಇನ್ನೂ ಒಮ್ಮೆ ಪೇಸ್ಟು ತಿಕ್ಕಿದೆ. ಆ ನಾಲ್ಕು ಸಾಲಿನ ಪರದೆ ಬಂತು. ಬಾಯಾರಿಗೆ ಇನ್ನೊಮ್ಮೆ ಓದಲಿಕ್ಕೆ ಹೇಳಿದೆ. ಓದಿ, "ನಿಮ್ಮ ಡಿಸ್ಕಿನ ಮ್ಯಾಲ ಏನೈತ್ರಿ?" ಎಂದು ಕೇಳಿದರು.

"ನನ್ನ ಸಾಮಾನು."

"ಕಾಪಿ ಐತೇನ್ರಿ?"

"ಕಾಪಿ ಇಟ್ಕೊಳ್ರಿ ಅಂತ ನಂಗ ಯಾರು ಹೇಳಬೇಕ್ರಿ," ಎಂದು ವೈ ಒತ್ತಿದೆ.

ನಲವತ್ತು ನಿಮಿಷ ತಗೊಂಡಿತು. ಯಂತ್ರ ಎದ್ದಿತು, ಹೊಸದಾಗಿ ಬಂದ ದಿನದ ಹಾಗೆ, ಹಸಿರು ನೀಲಿ ಬಣ್ಣದ ಖಾಲಿ ಪರದೆ. ಬಂದ್ ಮಾಡಿದೆ. ಹಳೆಯ ಡಿಸ್ಕಿನ ಹಿಂದಿನ ಜಂಪರನ್ನು ಎರಡನೆಯ ಸ್ಥಾನಕ್ಕೆ ಬದಲಿಸಿ, ನನ್ನ ಡಿಸ್ಕಿಗೆ ಹಚ್ಚಿದ ಚಪ್ಪಟೆ ವಾಯರಿನ ನಡುವಿನ ಗಂಟಿಗೆ ಕಟ್ಟಿ, ಮತ್ತೆ ಚಾಲೂ ಮಾಡಿದೆ. ಯಂತ್ರ ಹಳೆಯ ಡಿಸ್ಕನ್ನು ತಾನಾಗಿ ತಪಾಸು ಮಾಡಲಿಕ್ಕೆ ಹತ್ತಿತು. ಅಲ್ಲಲ್ಲಿ ನಿಂತು ಪ್ರಶ್ನೆ ಕೇಳಿತು. ಪ್ರತಿ ಪ್ರಶ್ನೆಯನ್ನೂ ಬಾಯಾರು ಓದಿ ಹೇಳಿದ ಮೇಲೆ ಒತ್ತಿದೆ. ವಹಿಯನ್ನು ಎಲ್ಲರ ಮುಂದೆ ಬಿಚ್ಚಿಟ್ಟುಕೊಂಡು, ಅವರು ಹೇಳಿದ ಅರ್ಥವನ್ನು ಎಡಕ್ಕೂ ಬಲಕ್ಕೂ ನಡುವೆ ಹೊಸ ಗೆರೆ ಹಾಕಿ ಬರೆದುಕೊಂಡೆ.

ಡಿ ಎಂಬ ಅಕ್ಷರದ ಮೇಲೆ ಒತ್ತಿದಾಗ ಬಾಯಾರ ಫೋಲ್ಡರು ಕಂಡಿತು. ನಕ್ಷೆ ತೆಗೆಯುವ ಸಾಫ್ಟ್‌ವೇರಿನ ಡಿಸ್ಕು ಅವರ ಡ್ರಾವರಿನಲ್ಲಿತ್ತು. ಅದಕ್ಕೆ ಯಾರೂ ಪೂಜೆ ಮಾಡಿರಲಿಲ್ಲ, ಒಂದೇ ಸಲಕ್ಕೆ ಓದಿತು. ಅವರು ಕುರ್ಚಿಯಲ್ಲಿ ಕೂತು ಒಂದೊಂದನ್ನೇ ತೆರೆದರು. ಮಾಲಕರು ಹಿಂದೆ ನಿಂತು ಬೆರಳು ಮಡಚುತ್ತಿದ್ದರು. ನಲವತ್ತು ತೆರೆದವು. ಮೂರು ತೆರೆಯಲಿಲ್ಲ. ಹೆಸರು ಇತ್ತು, ಒಳಗೆ ಏನೂ ಇರಲಿಲ್ಲ. ಕರೆಂಟು ಹೋದ ಹೊತ್ತಿಗೆ ತೆರೆದಿದ್ದವು ಆ ಮೂರೇ.

ನನ್ನ ಕೈಯಲ್ಲಿ ಆಗುವುದು ಅಲ್ಲಿಗೆ ಮುಗಿಯಿತು ಎಂದು ಹೇಳಿದೆ. ಈ ಸಲ ಹೇಳಲಿಕ್ಕೆ ತ್ರಾಸಾಗಲಿಲ್ಲ.

ಬಾಯಾರು ಮೂರು ಹೆಸರನ್ನು ಚೀಟಿಯ ಮೇಲೆ ಬರೆದುಕೊಂಡು ಹೊರಗೆ ಹೋದರು. "ಕಾಕಾ, ಈ ಮೂರರ ಸ್ಯಾಂಪಲ್ ತರ್ರಿ. ವರ್ನಿಯರು, ಮೈಕ್ರೋಮೀಟರೂ ತರ್ರಿ."

"ಅಳತಿ ನಾ ಹೇಳತೇನಿ, ನೀವು ಬರಕೋರಿ. ಇಳಿಸಿದ ತಪ್ಪು ನಂದು," ಎಂದು ಕಾಕಾ ಲೇಥು ಬಂದ್ ಮಾಡಿ ಕೈ ತೊಳೆದುಕೊಂಡು ಬಂದರು. ಮಧ್ಯಾಹ್ನದಿಂದ ದೀಪ ಹಚ್ಚುವ ತನಕ ಒಬ್ಬರು ಅಳೆಯುವುದು, ಒಬ್ಬರು ತೆಗೆಯುವುದು. ಕಾಕಾ ಒಂದು ಅಳತೆ ಹೇಳಿದರೆ ಬಾಯಾರು ತಲೆ ಅಲ್ಲಾಡಿಸಿ, "ಇನ್ನೊಮ್ಮೆ ಹಿಡೀರಿ, ನಾನು ತಗದಿದ್ದು ಅದಕ್ಕ ಎರಡು ಗೆರಿ ಕಡಿಮಿ ಇತ್ತು," ಎನ್ನುತ್ತಿದ್ದರು. ಇನ್ನೊಮ್ಮೆ ಹಿಡಿದರೆ ಹಾಗೆಯೇ ಬರುತ್ತಿತ್ತು. ಏಳು ತಿಂಗಳ ಕೆಲಸ ಯಂತ್ರದಲ್ಲಷ್ಟೇ ಅಲ್ಲ, ಅವರ ತಲೆಯಲ್ಲೂ ಇತ್ತು.

ಆ ಸಂಜೆ ಮಾಲಕರು ಕೇಳುವ ಮೊದಲೇ ನಾನು ಪ್ಲಾಸ್ಟಿಕ್ ಪಟ್ಟಿ ಕಿತ್ತು, ಮುಂಜಾನೆ ಹುಬ್ಬಳ್ಳಿಯಿಂದ ತಂದಿದ್ದ ಫ್ಲಾಪಿ ಡ್ರೈವನ್ನು ಮತ್ತೆ ಕೂಡಿಸಿದೆ. ಒಂಬತ್ತು ಫ್ಲಾಪಿಗಳಲ್ಲಿ ನಲವತ್ತಮೂರೂ ನಕ್ಷೆ ಹಿಡಿದವು. ಅವನ್ನು ಕೈಯಲ್ಲಿ ಹಿಡಿದುಕೊಂಡು ಯಾರಿಗೆ ಕೊಡಲಿ ಎಂದು ನಿಂತಾಗ ಮಾಲಕರು, "ಬಾಯಾರ ಹತ್ರ ಇರಲಿ," ಎಂದರು. ಅದಕ್ಕಿಂತ ಹೆಚ್ಚಿನ ಮಾತು ಅವರ ಬಾಯಿಂದ ಬರಲಿಲ್ಲ. ಬಾಯಾರೂ ಕಾಯಲಿಲ್ಲ, ಫ್ಲಾಪಿಗಳನ್ನು ಎಣಿಸಿ ಡಬ್ಬಿಗೆ ಹಾಕಿಕೊಂಡರು. ಇನ್ಸ್‌ಪೆಕ್ಟರು ಬಂದ ದಿನ ನಾನು ಇರಲಿಲ್ಲ. ಎಲ್ಲ ನಕ್ಷೆ ನೋಡಿ, ಎರಡು ಸ್ಯಾಂಪಲ್ಲಿಗೆ ಸಣ್ಣ ತಿದ್ದುಪಡಿ ಹೇಳಿ ಸಹಿ ಮಾಡಿ ಹೋದರಂತೆ. ತಿದ್ದುಪಡಿ ಬಂದದ್ದು ಆ ಮೂರರಲ್ಲಿ ಅಲ್ಲ.

ಮುಂದಿನ ವಾರ ವಿದ್ಯಾನಗರಕ್ಕೆ ಹೋದೆ. ಮಾಸ್ತರರು ವರಾಂಡದಲ್ಲಿ ಕೂತಿದ್ದರು. "ನಿಮ್ಮ ಬರಹ ವೈರಸ್ ತಿಂದಿರಲಿಲ್ಲ ಸರ್, ನಾನು ಅಳಿಸಿದ್ದೆ," ಎಂದೆ. ಅವರು ನನ್ನ ಕಡೆ ನೋಡಿ, "ಎಷ್ಟನೇ ಇಯತ್ತೆ ಕಲತೀರಿ?" ಎಂದು ಕೇಳಿದರು. ಏಳನೇ ಇಯತ್ತೆ ಎಂದೆ. "ನನ್ನ ಹುಡುಗರು ಹತ್ತರ ತನಕ ಕಲತ್ರೂ ತಪ್ಪು ಒಪ್ಪಿಕೊಳ್ಳಾಕ ವಾಪಸ್ ಬಂದಾಂವ ಒಬ್ಬಾನೂ ಇಲ್ಲ," ಎಂದರು. ಒಳಗೆ ಕರೆಯಲಿಲ್ಲ. ಅದೂ ಸರಿಯೇ. ಆ ಬರಹವನ್ನು ನಾನು ತಂದುಕೊಟ್ಟಿರಲಿಲ್ಲವಲ್ಲ.

ಮರುವರ್ಷದ ಖಂಡೇನವಮಿಗೆ ಮಾಲಕರು ಕರೆಸಿದರು. ಹೋಗುವ ಹೊತ್ತಿಗೆ ನೀರಿನ ಕೊಡಗಳು ಸಾಲಾಗಿ ಇದ್ದವು. ಕಾಕಾ ಮೇನ್ ಸ್ವಿಚ್ಚಿನ ಹಿಡಿಕೆಯ ಮೇಲೆ ಕೈ ಇಟ್ಟು, ಶೆಡ್ಡಿನ ಆ ತುದಿಗೆ ಕೇಳುವ ಹಾಗೆ ಕೂಗಿದರು: "ಬಾಯಾರ, ಬಂದ್ ಆತೇನ್ರಿ?"

"ಆತ್ರಿ ಕಾಕಾ."

"ಕಾಪಿ ಆತೇನ್ರಿ?"

"ಆತ್ರಿ."

ಆಮೇಲೆ ಇಳಿಸಿದರು. ಪೂಜೆಯ ಸಾಲಿನಲ್ಲಿ ಮೈಕ್ರೋಮೀಟರಿನ ಪಕ್ಕ ರಿಕವರಿ ಡಿಸ್ಕು ಇತ್ತು, ಪ್ಲಾಸ್ಟಿಕ್ ಡಬ್ಬಿಯಲ್ಲಿ, ಡಬ್ಬಿಗೆ ಟೇಪು ಸುತ್ತಿ. ಅದರ ಪಕ್ಕ ಬಾಯಾರ ಫ್ಲಾಪಿ ಡಬ್ಬಿ. ಮಾಲಕರು ಕುಂಕುಮದ ಬೆರಳು ಎತ್ತಿಕೊಂಡು ನನ್ನ ಕಡೆ ತಿರುಗಿ ಕೇಳಿದರು: "ಯಾವ ಬದಿಗೆ ಹಚ್ಚಲಿ?"

"ಡಬ್ಬಿಗೆ ಹಚ್ರಿ," ಎಂದೆ.